ಟಿಎಸ್ಎಚ್ 3.2, ರಿಪೋರ್ಟ್ ನಾರ್ಮಲ್. ಹಾಗಾದರೆ ಈ ಸುಸ್ತು ಯಾಕೆ?

ತುಂಗಾತೀರ:
ವಯಸ್ಸು 41. ಎರಡು ವರ್ಷದಿಂದ ದಿನಾ 50 ಮೈಕ್ರೋಗ್ರಾಂ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಹೋದ ವಾರ ಟಿಎಸ್ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್, ಥೈರಾಯ್ಡ್ ಕಮ್ಮಿಯಾದರೆ ಇದು ಏರುತ್ತದೆ) 3.2 ಬಂತು. ಡಾಕ್ಟರು "ಎಲ್ಲ ನಾರ್ಮಲ್, ಟೆನ್ಶನ್ ಮಾಡ್ಕೋಬೇಡಿ" ಅಂದರು. ಆದರೆ ಮಧ್ಯಾಹ್ನ ಎರಡಾದರೆ ಕೂತಲ್ಲೇ ಕಣ್ಣು ಎಳೆಯುತ್ತದೆ. ಬಾಚಣಿಗೆ ತುಂಬ ಕೂದಲು. ಎಲ್ಲರೂ ಫ್ಯಾನ್ ಹಾಕಿಕೊಂಡರೆ ನಾನು ಶಾಲು ಹೊದೆಯುತ್ತೇನೆ. ಮನೆಯಲ್ಲಿ "ರಿಪೋರ್ಟ್ ಸರಿ ಇದೆಯಲ್ಲ, ಇನ್ನೇನು?" ಅನ್ನುತ್ತಾರೆ. ಸುಸ್ತು ನಿಜಾನಾ ಅಂತ ಈಗ ನನಗೇ ಅನುಮಾನ.

ಮಲೆನಾಡ ಮಗಳು:
ಅಕ್ಕಾ, ನಿಜಾನೇ. ನನಗೂ 3.8 ಇದ್ದಾಗ ಇದೇ ಪಾಡು. ಇನ್ನೊಬ್ಬ ಡಾಕ್ಟರು ಡೋಸ್ ಹೆಚ್ಚಿಸಿದರು. 1.5ಕ್ಕೆ ಇಳಿಯಿತು, ಎರಡು ತಿಂಗಳಲ್ಲಿ ಚೇತರಿಸಿಕೊಂಡೆ. 0.4ರಿಂದ 4ರ ತನಕ ಅನ್ನುವುದು ಎಲ್ಲರಿಗೂ ಸೇರಿಸಿ ಎಳೆದ ಗೆರೆ. ಅದರೊಳಗೆ ನಿಮ್ಮ ಮೈಗೆ ಒಗ್ಗುವ ಅಂಕಿ ಯಾವುದು ಅಂತ ಲ್ಯಾಬಿಗೆ ಹೇಗೆ ಗೊತ್ತಾಗುತ್ತದೆ? ಡೋಸ್ ಜಾಸ್ತಿ ಮಾಡಿ ಅಂತ ಗಟ್ಟಿಯಾಗಿ ಕೇಳಿ.

ಲ್ಯಾಬಿನವನು:
ಅಂಕಿ ಒಬ್ಬೊಬ್ಬರಿಗೆ ಬೇರೆ ಅನ್ನುವುದನ್ನು ಒಪ್ಪುತ್ತೇನೆ ತಂಗಿ. ನೇರವಾಗಿ ಡೋಸಿಗೆ ಹೋಗುವುದನ್ನು ಒಪ್ಪುವುದಿಲ್ಲ. ಡೋಸ್ ಮಿತಿಮೀರಿದರೆ ಎದೆಬಡಿತ ತಾಳ ತಪ್ಪಬಹುದು. ಮುಟ್ಟು ನಿಂತ ಮೇಲೆ ಮೂಳೆಯೂ ಸವೆಯುತ್ತದೆ. ತುಂಗಾತೀರ ಅವರೇ, ಮಾತ್ರೆ ಆದ ಎಷ್ಟು ಹೊತ್ತಿಗೆ ಕಾಫಿ ಕುಡಿಯುತ್ತೀರಿ? ಕೂದಲಿಗೆ ಅಂತ ಬೇರೆ ಏನಾದರೂ ನುಂಗುತ್ತಿದ್ದೀರಾ?

ತುಂಗಾತೀರ:
ಆರಕ್ಕೆ ಮಾತ್ರೆ, ಹತ್ತೇ ನಿಮಿಷಕ್ಕೆ ಕಾಫಿ. ಕೂದಲಿಗೆ ಬಯೋಟಿನ್ ಅನ್ನುವ ವಿಟಮಿನ್ 10 ಮಿಲಿಗ್ರಾಂ, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದಿದ್ದು. ಮೂರು ತಿಂಗಳಾಯಿತು. ಟೆಸ್ಟಿನ ದಿನವೂ ತೆಗೆದುಕೊಂಡಿದ್ದೆ. ಯಾಕೆ?

ಲ್ಯಾಬಿನವನು:
ಅದಕ್ಕೇ ಕೇಳಿದೆ. ಕೆಲವು ಮೆಷಿನ್‌ಗಳು ಹಾರ್ಮೋನ್ ಅಳೆಯುವಾಗ ಬಯೋಟಿನ್ನನ್ನೇ ಅಂಟಿನ ಹಾಗೆ ಬಳಸುತ್ತವೆ. ನಿಮ್ಮ ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಆ ಅಂಟಿನ ಜಾಗವನ್ನೆಲ್ಲ ಅದು ಹಿಡಿದುಬಿಡುತ್ತದೆ. ಆಗ ಟಿಎಸ್ಎಚ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿ ಓಡಾಡುವ ಥೈರಾಯ್ಡ್ ಹಾರ್ಮೋನ್) ಇರುವುದಕ್ಕಿಂತ ಜಾಸ್ತಿ. ಅಂದರೆ ನಿಜವಾಗಿ 6 ಇದ್ದದ್ದೂ 3 ಅಂತ ಬರಬಹುದು. ಎಲ್ಲ ಮೆಷಿನ್ ಹೀಗಲ್ಲ. ನಿಮ್ಮದು ಯಾವುದು ಅಂತ ಲ್ಯಾಬಿನಲ್ಲೇ ಕೇಳಿ. ಥೈರಾಯ್ಡ್ ಕಮ್ಮಿಯಾಗಿ ಕೂದಲು ಉದುರುತ್ತದೆ, ಕೂದಲಿಗೆ ಅಂತ ಬಯೋಟಿನ್ ತಿನ್ನುತ್ತಾರೆ, ಅದು ಥೈರಾಯ್ಡ್ ರಿಪೋರ್ಟನ್ನೇ ಕೆಡಿಸುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕನಿಷ್ಠ ಎರಡು ದಿನ ಬಯೋಟಿನ್ ಬಿಟ್ಟು ಮತ್ತೆ ರಕ್ತ ಕೊಡಿ. ಕಾಫಿ ಮಾತ್ರೆಯನ್ನು ಮೈ ಸರಿಯಾಗಿ ಹೀರಿಕೊಳ್ಳಲು ಬಿಡುವುದಿಲ್ಲ, ಅದನ್ನು ಅರ್ಧದಿಂದ ಒಂದು ಗಂಟೆ ಮುಂದಕ್ಕೆ ಹಾಕಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿದ್ದರೆ ನಾಲ್ಕು ಗಂಟೆ ಅಂತರ ಇರಲಿ. ಕಾಫಿ ಸರಿಮಾಡಿದ್ದರ ಫಲ ಅಂಕಿಯಲ್ಲಿ ಕಾಣಲು ಆರರಿಂದ ಎಂಟು ವಾರ ಬೇಕು.

ಮಲೆನಾಡ ಮಗಳು:
ಬಯೋಟಿನ್ ವಿಷಯ ನನಗೆ ಗೊತ್ತೇ ಇರಲಿಲ್ಲ, ಅಣ್ಣಾ. ಆದರೆ ಇದೆಲ್ಲ ಸರಿಯಿದ್ದೂ ಸುಸ್ತು ಹೋಗದವರು ಇದ್ದಾರಲ್ವಾ? ನಾವು ನುಂಗುವುದು ಟಿ4 ಮಾತ್ರ. ಮೈ ಅದನ್ನು ಇನ್ನೂ ಚುರುಕಾದ ಟಿ3 ಹಾರ್ಮೋನ್ ಮಾಡಿಕೊಳ್ಳಬೇಕು. ಅದು ಸರಿಯಾಗಿ ಆಗದಿದ್ದರೆ? ಟಿ3 ಮಾತ್ರೆಯನ್ನೂ ಯಾಕೆ ಕೊಡಬಾರದು?

ವಾರ್ಡ್ ಸಿಸ್ಟರ್:
ಅಂಥವರು ಖಂಡಿತ ಇದ್ದಾರೆ, ಅದನ್ನು ಯಾರೂ ತಳ್ಳಿಹಾಕಬಾರದು. ಯುರೋಪಿನ ಥೈರಾಯ್ಡ್ ತಜ್ಞರ ಸಂಘ 2012ರಲ್ಲೇ, ಬೇರೆ ಕಾರಣ ಹುಡುಕಿಯಾದ ಮೇಲೆ ತಜ್ಞರ ಕಣ್ಗಾವಲಿನಲ್ಲಿ ಟಿ3 ಸೇರಿಸಿ ನೋಡಬಹುದು ಅಂದಿದೆ. ಆದರೆ ಹೋಲಿಸಿ ನೋಡಿದ ಹೆಚ್ಚಿನ ಅಧ್ಯಯನಗಳಲ್ಲಿ ಎಲ್ಲರಿಗೂ ಒಳ್ಳೆಯದಾಯಿತು ಅಂತ ಬಂದಿಲ್ಲ. "ಬೇರೆ ಕಾರಣ ಹುಡುಕಿಯಾದ ಮೇಲೆ" ಅನ್ನುವ ಮಾತೇ ಮುಖ್ಯ. ವಿಟಮಿನ್ ಬಿ12 ನೋಡಿಸಿದ್ದೀರಾ ಮೇಡಂ? ಬರೀ ಸಸ್ಯಾಹಾರ ತಿನ್ನುವವರಲ್ಲಿ ಅದು ಕಮ್ಮಿ ಇರುವುದು ಸಾಮಾನ್ಯ. ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಟೆಸ್ಟನ್ನೂ ಮಾಡಿಸಿ. ಹಿಮೋಗ್ಲೋಬಿನ್ ಸರಿ ಇದ್ದೂ ಒಳಗಿನ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಆಗಲೂ ಇದೇ ಸುಸ್ತು, ಇದೇ ಕೂದಲು.

ಕೃಷ್ಣೆಯ ದಂಡೆ:
ನಮ್ಮ ಅಮ್ಮನ ವಿಷಯ ಹೇಳಲೇಬೇಕು. ವರ್ಷಗಟ್ಟಲೆ ಟಿಎಸ್ಎಚ್ ಒಂದನ್ನೇ ನೋಡಿ ನಾರ್ಮಲ್ ಅಂದರು. ಫ್ರೀ ಟಿ4 ಮಾಡಿಸಿದಾಗ ತೀರಾ ಕಮ್ಮಿ. ತೊಂದರೆ ಇದ್ದದ್ದು ಕುತ್ತಿಗೆಯಲ್ಲಲ್ಲ, ಟಿಎಸ್ಎಚ್ ಸುರಿಸುವ ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯಲ್ಲಿ. ನನ್ನ ತಮ್ಮ ಹುಟ್ಟಿದಾಗ ಅಮ್ಮನಿಗೆ ವಿಪರೀತ ರಕ್ತ ಹೋಗಿತ್ತು. ಎದೆಹಾಲು ಬರಲಿಲ್ಲ, ಮುಟ್ಟೂ ಮರಳಲಿಲ್ಲ. ಹಾಗೆ ರಕ್ತ ಹೋಗಿ ಪಿಟ್ಯುಟರಿ ಹಾಳಾಗುವುದಕ್ಕೆ ಶೀಹನ್ ಸಿಂಡ್ರೋಮ್ ಅನ್ನುತ್ತಾರಂತೆ. ಹೆರಿಗೆ ಹೇಗಾಯಿತು ಅಂತ ಒಬ್ಬರಾದರೂ ಮೊದಲೇ ಕೇಳಿದ್ದರೆ!

ಮಲೆನಾಡ ಮಗಳು:
ಓದಿ ಹೊಟ್ಟೆ ಚುರುಕ್ ಅಂತು. ಅಕ್ಕಾ, ಗಟ್ಟಿಯಾಗಿ ಕೇಳಿ ಅಂದಿದ್ದನ್ನು ನಾನು ಹಿಂದೆ ತೆಗೆದುಕೊಳ್ಳಲ್ಲ. ಆದರೆ ಮೊದಲು ಈ ಟೆಸ್ಟುಗಳನ್ನು ಕೇಳಿ. ಡೋಸ್ ಮಾತು ಆಮೇಲೆ.

ತುಂಗಾತೀರ:
ಇವತ್ತೇ ಬಯೋಟಿನ್ ನಿಲ್ಲಿಸಿದೆ. ಸೋಮವಾರ ಟಿಎಸ್ಎಚ್, ಫ್ರೀ ಟಿ4, ಬಿ12, ಫೆರಿಟಿನ್ ಬರೆದುಕೊಡಿ ಅಂತ ಡಾಕ್ಟರನ್ನು ಕೇಳುತ್ತೇನೆ. ಇದನ್ನೆಲ್ಲ ಮನೆಯವರಿಗೂ ಓದಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ನಾಳೆಯಿಂದ ಡಿಕಾಕ್ಷನ್ ನಾನೇ ಹಾಕ್ತೀನಿ, ಏಳು ಗಂಟೆಗೆ" ಅಂದರು.