ಒಂದೇ ಊರಲ್ಲಿ ಎರಡು ‘ಫಸ್ಟ್ ಬ್ಯಾಪ್ಟಿಸ್ಟ್’ ಚರ್ಚ್, ಹೇಗೆ?

ಸಂಜೆನಡಿಗೆ:
ಅಮೆರಿಕದ ಜಾರ್ಜಿಯಾದ ಒಂದು ಪುಟ್ಟ ಊರಿಗೆ ಬಂದು ಎರಡು ವರ್ಷವಾಯಿತು. ದಿನಾ ವಾಕಿಂಗ್ ಹೋಗುವ ದಾರಿಯಲ್ಲಿ ಬಿಳಿ ಕಂಬಗಳ ಒಂದು ಇಟ್ಟಿಗೆ ಚರ್ಚ್ ಇದೆ. ಬೋರ್ಡ್ ‘ಫಸ್ಟ್ ಬ್ಯಾಪ್ಟಿಸ್ಟ್’, ಅಂದರೆ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದ ಮೊದಲ ಚರ್ಚ್. ರೈಲು ಹಳಿ ದಾಟಿದರೆ ಇನ್ನೊಂದು ಚರ್ಚ್, ಅದೂ ‘ಫಸ್ಟ್ ಬ್ಯಾಪ್ಟಿಸ್ಟ್’! ಲೈಬ್ರರಿಯಲ್ಲಿ ಇಟ್ಟಿಗೆ ಚರ್ಚಿನ ಶತಮಾನೋತ್ಸವದ ಪುಸ್ತಕ ಸಿಕ್ಕಿತು. ಸಭಾಪಾಲಕರ ಫೋಟೋಗಳು, ಆರ್ಗನ್ ಬಂದ ವರ್ಷ, ಚಾವಣಿ ರಿಪೇರಿ, ಎಲ್ಲ ಇದೆ. ಹಳಿಯಾಚೆಯವರ ಬಗ್ಗೆ ಒಂದು ಸಾಲೂ ಇಲ್ಲ. ದೀಕ್ಷಾಸ್ನಾನದ (ನೀರಿನಿಂದ ಕ್ರೈಸ್ತರಾಗಿ ಸೇರಿಸಿಕೊಳ್ಳುವ ವಿಧಿಯ) ರಿಜಿಸ್ಟರ್ ನೋಡಿದರೆ ಯಾರು ಯಾವಾಗ ಹುಟ್ಟಿದರು ಅಂತಲಾದರೂ ತಿಳಿಯುತ್ತದಾ?

ಹಳೇಕಡತ:
ಆ ಪುಸ್ತಕ ಪಕ್ಕಕ್ಕಿಡಿ. ಹಬ್ಬಕ್ಕೆ ಬರೆಸಿದ್ದರಲ್ಲಿ ಜಗಳ ಇರುವುದಿಲ್ಲ.

ನಾನು ಇಂಥದ್ದೇ ಒಂದು ಸಭೆಯ (ಅಂದರೆ ಒಂದು ಚರ್ಚಿನ ಸದಸ್ಯರ ಕೂಟದ) ಕಾಗದಗಳನ್ನು ಸ್ಕ್ಯಾನ್ ಮಾಡಿಕೊಟ್ಟಿದ್ದೆ. ಸಂಬಳವಿಲ್ಲ, ಧೂಳಿಗೆ ಸೀನು ಜಾಸ್ತಿ. ಬ್ಯಾಪ್ಟಿಸ್ಟರಿಗೆ ಮೇಲೆ ಬಿಷಪ್ ಇಲ್ಲ. ಪ್ರತಿ ಸಭೆಗೂ ತಾನೇ ಯಜಮಾನ. ಹಾಗಾಗಿ ದಾಖಲೆ ಮೇಲಿನ ಕಚೇರಿಗೆ ಹೋಗಲೇಬೇಕು ಅಂತಿಲ್ಲ, ಕ್ಲರ್ಕ್ ಆದವರ ಮನೆಯ ಅಟ್ಟದಲ್ಲೇ ಉಳಿಯಬಹುದು. ನೀವು ಕೇಳಬೇಕಾದ್ದು ನಡಾವಳಿ ಪುಸ್ತಕ. ಯಾರು ಕುಡಿದರು, ಯಾರು ಕುಣಿದರು, ಯಾರು ಕ್ಷಮೆ ಕೇಳಿದರು, ಯಾರನ್ನು ಸಭೆಯಿಂದ ಹೊರಹಾಕಿದರು, ಎಲ್ಲ ಅದರಲ್ಲಿರುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಗುಲಾಮಗಿರಿ ರದ್ದಾದ 1865ಕ್ಕೆ ಮುಂಚೆ ಬಿಳಿಯರೂ ಗುಲಾಮರೂ ಬಹಳ ಕಡೆ ಒಂದೇ ಸಭೆಯ ಸದಸ್ಯರು. ಒಂದೇ ಸೂರು, ಆದರೆ ಕರಿಯರು ಕೂರುವುದು ಮೇಲಿನ ಗ್ಯಾಲರಿಯಲ್ಲಿ. ನಾನು ನೋಡಿದ ಪಟ್ಟಿಯಲ್ಲಿ ಬಿಳಿಯರಿಗೆ ಪೂರ್ತಿ ಹೆಸರು. ಅದರ ಕೆಳಗೆ ‘ಮೇರಿ, ಇಂಥವರ ಆಳು’. ಅಷ್ಟೇ. ಆ ಪುಟ ಸ್ಕ್ಯಾನ್ ಮಾಡಿದ ದಿನ ಬೇರೆ ಕೆಲಸ ಮಾಡಲಾಗಲಿಲ್ಲ. ಗುಲಾಮರನ್ನು ಇಟ್ಟುಕೊಂಡವರು ಮಿಷನರಿ ಆಗಬಹುದೇ ಎಂಬ ಜಗಳದಲ್ಲೇ ದಕ್ಷಿಣದವರು 1845ರಲ್ಲಿ ಇದೇ ಜಾರ್ಜಿಯಾದ ಆಗಸ್ಟಾದಲ್ಲಿ ಬೇರೆಯಾಗಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಎಂಬ ಒಕ್ಕೂಟ ಕಟ್ಟಿದ್ದು. ಬಿಡುಗಡೆ ಸಿಕ್ಕ ಮೇಲೆ ಕರಿಯರು ಗ್ಯಾಲರಿ ಇಳಿದು ಹೊರಗೆ ನಡೆದರು. ತಮ್ಮದೇ ಸಭೆ ಕಟ್ಟಿದರು. ಅವರಿಗೆ ಅದೇ ಫಸ್ಟ್ ಅಲ್ವಾ? ಮೇಕನ್ ನಗರದಲ್ಲೂ ಹೀಗೇ ಎರಡಿವೆ, ಕೂಗಿದರೆ ಕೇಳುವಷ್ಟು ಹತ್ತಿರ.

ನದಿದಂಡೆ:
ರಿಜಿಸ್ಟರ್ ವಿಷಯ ಯಾರೂ ಹೇಳಲಿಲ್ಲ. ಬ್ಯಾಪ್ಟಿಸ್ಟರು ಹಸುಗೂಸುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ತಿಳಿವಳಿಕೆ ಬಂದವರು ತಾವೇ ನಂಬಿಕೆ ಹೇಳಿಕೊಂಡು ನೀರಲ್ಲಿ ಪೂರ್ತಿ ಮುಳುಗಬೇಕು. ಹಿಂದೆ ಹೊಳೆಯಲ್ಲೋ ಕೆರೆಯಲ್ಲೋ ನಡೆಯುತ್ತಿತ್ತು. ಆ ತಾರೀಖಿನಿಂದ ಹುಟ್ಟಿದ ವರ್ಷ ಗೊತ್ತಾಗುವುದಿಲ್ಲ, ನಾನೂ ಮೊದಲು ಹಾಗೇ ಮೋಸಹೋಗಿದ್ದೆ. ‘ಪತ್ರದ ಮೂಲಕ’ ಅಂತ ಕಂಡರೆ ಬೇರೆ ಸಭೆಯಿಂದ ಪತ್ರ ತಂದು ಸೇರಿದವರು. ವಲಸೆ ಹಿಡಿಯಲು ಒಳ್ಳೆ ಸುಳಿವು.

ನಡಾವಳಿ ಸುಟ್ಟುಹೋಗಿದ್ದರೆ ಅಸೋಸಿಯೇಷನ್‌ನ (ಆ ಭಾಗದ ಸಭೆಗಳ ಕೂಟದ) ವಾರ್ಷಿಕ ವರದಿ ಹುಡುಕಿ. ಆ ವರ್ಷ ಎಷ್ಟು ಜನ ದೀಕ್ಷಾಸ್ನಾನ ಪಡೆದರು, ಎಷ್ಟು ಜನ ಸತ್ತರು, ಎಷ್ಟು ಜನರನ್ನು ತೆಗೆದುಹಾಕಿದರು ಅಂತ ಸಭೆಗಳು ಲೆಕ್ಕ ಕಳಿಸುತ್ತಿದ್ದವು. ಮೇಕನ್‌ನ ಮರ್ಸರ್ ವಿಶ್ವವಿದ್ಯಾಲಯದಲ್ಲಿ ಕೇಳಿ ನೋಡಿ.

ಸಂಜೆನಡಿಗೆ:
ಭಾನುವಾರ ಹಳಿ ದಾಟಿ ಹೋಗಿದ್ದೆ. ಮೂಲೆಗಲ್ಲು ನೋಡಿದೆ. ಎರಡು ಇಸವಿ ಕೆತ್ತಿದ್ದಾರೆ. ಕೆಳಗಿನದು ಕಟ್ಟಡದ್ದು. ಮೇಲಿನದು ಇಟ್ಟಿಗೆ ಚರ್ಚಿನ ಬೋರ್ಡಲ್ಲಿರುವ ಇಸವಿಯೇ! ಬಾಗಿಲಲ್ಲಿದ್ದ ಅಜ್ಜಿಯನ್ನು ಕೇಳಿದೆ. ‘ಶುರುವಿನಿಂದ ನಾವೂ ಇದ್ದೆವಲ್ಲ’ ಅಂದರು. ನಡಾವಳಿ ಪುಸ್ತಕ ಅವರ ಮನೆಯಲ್ಲೇ ಇದೆಯಂತೆ. ಶನಿವಾರ ಬಾ, ಕೈ ತೊಳೆದುಕೊಂಡು ಬಾ ಅಂದಿದ್ದಾರೆ.