ಇಂಡಕ್ಷನ್ ಒಲೆ ಸಂಜೆ ಹೊತ್ತು ಮಾತ್ರ ಇ3 ಅನ್ನುವ ಎರರ್ ಕೋಡ್ ತೋರಿಸಿ ನಿಲ್ಲುತ್ತದೆ, ಬೆಳಿಗ್ಗೆ ಸರಿ ಇರುತ್ತದೆ. ಏನು ಕಾರಣ?

ನಾಪೋಕ್ಲು ತೋಟದಮನೆ:
ನಮ್ಮದು ನಾಪೋಕ್ಲಿನಿಂದ ಸ್ವಲ್ಪ ಒಳಗೆ, ತೋಟದ ಮಧ್ಯೆ ಹಳೇ ಮನೆ. ಒಲೆ 2000 ವ್ಯಾಟಿನದು, ವಾರಂಟಿ ಈಗಷ್ಟೇ ಮುಗಿದಿದೆ (ಯಾವಾಗಲೂ ಹಾಗೇ ಅಲ್ವಾ). ಮಳೆ ಹಿಡಿದ ಮೇಲೆ ಶುರುವಾದ ಕಾಟ ಇದು. ಸಂಜೆ ಏಳರ ಮೇಲೆ ಏನಾದರೂ ಇಟ್ಟರೆ ಐದು ಹತ್ತು ನಿಮಿಷ ಚೆನ್ನಾಗಿ ಉರಿದು, ಆಮೇಲೆ ಕೀಂ ಕೀಂ ಅಂತ ಕೂಗಿ ಇ3 ತೋರಿಸಿ ನಿಂತುಬಿಡುತ್ತದೆ. ಕಡಂಬುಟ್ಟು (ಅಕ್ಕಿ ಕಡುಬು) ಅರ್ಧ ಬೆಂದಾಗ ಹಬೆ ನಿಂತರೆ ಅದು ಆಮೇಲೆ ಏನು ಮಾಡಿದರೂ ಸರಿ ಹೋಗುವುದಿಲ್ಲ. ಬೆಳಿಗ್ಗೆ ಇದೇ ಒಲೆಯಲ್ಲಿ ಕಾಫಿ, ತಿಂಡಿ ಎಲ್ಲ ಆಗುತ್ತದೆ, ಒಂದು ತಕರಾರೂ ಇಲ್ಲ.

ನೆಟ್‌ನಲ್ಲಿ ಹುಡುಕಿದರೆ ಒಬ್ಬರು ಇ3 ಅಂದರೆ ಸೆನ್ಸರ್ ಹೋಗಿದೆ ಅನ್ನುತ್ತಾರೆ, ಇನ್ನೊಬ್ಬರು ವೋಲ್ಟೇಜ್ ಜಾಸ್ತಿ ಅನ್ನುತ್ತಾರೆ. ರಿಪೇರಿಯವರಿಗೆ ಫೋನ್ ಮಾಡಿದರೆ ಒಲೆಯನ್ನು ನೋಡದೇ "ಬೋರ್ಡ್ ಬದಲಿಸಬೇಕು" ಅಂದರು. ಆ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತದೆ. ಮನೆಯಲ್ಲಿ ಹಳೇ ಟಿವಿಯ ಸ್ಟೆಬಿಲೈಸರ್ ಒಂದು ಸುಮ್ನೆ ಬಿದ್ದಿದೆ, ಅದನ್ನು ಹಾಕಿದರೆ ಆಗುತ್ತದಾ?

ಕುಶಾಲನಗರದವ:
ಟಿವಿ ಸ್ಟೆಬಿಲೈಸರ್ ಮಾತ್ರ ಬೇಡ ಅಣ್ಣ. ಅದು ಹೆಚ್ಚೆಂದರೆ 500 ವ್ಯಾಟ್ ತಡೆಯುತ್ತದೆ, ನಿಮ್ಮ ಒಲೆ ಎಳೆಯುವುದು 2000. ಒಲೆಗಿಂತ ಮೊದಲು ಸ್ಟೆಬಿಲೈಸರೇ ಬೇಯುತ್ತದೆ.

ಹಳೇ ವೈರ್‌ಮ್ಯಾನ್, ಸೋಮವಾರಪೇಟೆ:
ಮೊದಲು ನೆಟ್ ನೋಡುವುದನ್ನು ಬಿಡಿ. ಇ1, ಇ2, ಇ3 ಅನ್ನುವುದಕ್ಕೆ ಎಲ್ಲಾ ಕಂಪನಿಗೂ ಒಂದೇ ಅರ್ಥ ಇಲ್ಲ. ಒಬ್ಬರ ಇ3 ಇನ್ನೊಬ್ಬರ ಇ2. ಒಲೆಯ ಜೊತೆ ಬಂದ ಪುಸ್ತಕದ ಕೊನೆ ಪುಟಗಳಲ್ಲಿ ನಿಮ್ಮ ಮಾಡೆಲಿನ ಪಟ್ಟಿ ಇರುತ್ತದೆ, ಅದನ್ನೇ ನಂಬಿ. ಪುಸ್ತಕ ಕಳೆದಿದ್ದರೆ ಒಲೆಯ ಅಡಿಯ ಸ್ಟಿಕ್ಕರಿನಲ್ಲಿ ಮಾಡೆಲ್ ನಂಬರ್ ಇರುತ್ತದೆ, ಆ ನಂಬರ್ ಹಾಕಿ ಹುಡುಕಿ.

ಬೆಳಿಗ್ಗೆ ಸರಿ, ಸಂಜೆ ಕೆಟ್ಟದ್ದು ಅಂದರೆ ನನಗೆ ಬೋರ್ಡಿನ ಮೇಲೆ ಅನುಮಾನ ಬರುವುದಿಲ್ಲ. ಸುಟ್ಟ ಬೋರ್ಡು ಗಂಟೆ ನೋಡಿಕೊಂಡು ಕೆಲಸ ಮಾಡುವುದಿಲ್ಲ. ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್ ತನ್ನಿ, ಇಲ್ಲ ಪಕ್ಕದಲ್ಲಿ ಯಾರಾದರೂ ಎಲೆಕ್ಟ್ರಿಷಿಯನ್ ಇದ್ದರೆ ಕರೆಸಿ. ಸಂಜೆ ಹೊತ್ತು ಮೀಟರ್ ಬೋರ್ಡಿನಲ್ಲೂ ಅಡುಗೆಮನೆ ಪ್ಲಗ್ಗಿನಲ್ಲೂ ವೋಲ್ಟೇಜ್ ನೋಡಬೇಕು. ಎರಡೂ ಕಡೆ ಒಲೆ ಆಫ್ ಇದ್ದಾಗ ಒಮ್ಮೆ, ಫುಲ್ ಪವರಿನಲ್ಲಿ ಇದ್ದಾಗ ಒಮ್ಮೆ. ಒಲೆ ಆಫ್ ಇದ್ದಾಗ ನೋಡಿ "220 ಇದೆ, ಎಲ್ಲಾ ಸರಿ" ಅಂದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಮೀಟರ್ ಬೋರ್ಡಿಗೆ ಅಭ್ಯಾಸ ಇಲ್ಲದವರು ಕೈ ಹಾಕಬಾರದು, ಅದರಲ್ಲೂ ಒದ್ದೆ ನೆಲದ ಮೇಲೆ ನಿಂತು.

ಕಕ್ಕಬ್ಬೆ ಹೋಂಸ್ಟೇ:
ನಮ್ಮಲ್ಲಿ ಅತಿಥಿಗಳಿಗೆ ಅಂತ ಇಂತಹ ಒಲೆಗಳು ಇವೆ, ಮಳೆಗಾಲದಲ್ಲಿ ಒಂದಲ್ಲ ಒಂದು ಕೂಗುತ್ತಲೇ ಇರುತ್ತದೆ. ವೋಲ್ಟೇಜ್ ನೋಡುವುದರ ಜೊತೆಗೆ ಒಲೆಯನ್ನು ಪ್ಲಗ್ಗಿನಿಂದ ತೆಗೆದು ತಲೆಕೆಳಗು ಮಾಡಿ ಫ್ಯಾನಿನ ಜಾಲರಿ ನೋಡಿ. ಒಳಗಿನ ಭಾಗ ಬಿಸಿಯಾಗದಂತೆ ಇಡುವುದು ಆ ಫ್ಯಾನೇ. ಜಿಡ್ಡು, ಧೂಳು ಕೂತರೆ ಗಾಳಿ ಹೋಗುವುದಿಲ್ಲ, ಆಗ ಬಿಸಿ ಜಾಸ್ತಿ ಅಂತ ಕೋಡ್ ಬರುತ್ತದೆ, ಅದೂ ಸ್ವಲ್ಪ ಹೊತ್ತು ಉರಿದ ಮೇಲೆಯೇ. ಜಿರಲೆಗಳಿಗೂ ಈ ಬೆಚ್ಚಗಿನ ಜಾಗ ಅಂದರೆ ಭಾರೀ ಇಷ್ಟ. ಒಂದು ಒಲೆಯ ಬೋರ್ಡ್ ಮೇಲೆ ಸಂಸಾರವೇ ಇತ್ತು.

ಇನ್ನೊಂದು ವಿಷಯ. ಮನೆ ಮುಚ್ಚಿ ಕೆಲವು ದಿನ ಹೊರಗೆ ಹೋಗಿ ಬಂದಾಗ, ಗೋಡೆಯೆಲ್ಲ ಬೆವರಿರುವ ಹೊತ್ತಿನಲ್ಲಿ, ಕೂಡಲೇ ಒಲೆಯ ಸ್ವಿಚ್ ಹಾಕಬೇಡಿ. ಬೆಚ್ಚಗಿನ ಜಾಗದಲ್ಲಿ ಒಂದು ದಿನ ಇಟ್ಟು ಆಮೇಲೆ ಹಾಕಿ.

ಮೇಲಿನ ಗಾಜು ಬಿರುಕು ಬಿಟ್ಟಿದ್ದರೆ ಮಾತ್ರ ಬಳಸಲೇಬಾರದು. ಉಕ್ಕಿದ ಗಂಜಿ ಆ ಸಂದಿನಿಂದ ನೇರ ಒಳಗಿನ ತಾಮ್ರದ ಸುರುಳಿಗೆ (ಕಾಯಿಲ್) ಇಳಿಯುತ್ತದೆ.

ನಾಪೋಕ್ಲು ತೋಟದಮನೆ:
ಎಲ್ಲರಿಗೂ ಥ್ಯಾಂಕ್ಸ್. ಪುಸ್ತಕ ಸಿಕ್ಕಿತು. ನಮ್ಮ ಮಾಡೆಲಿಗೆ ಇ3 ಅಂದರೆ ಲೋ ವೋಲ್ಟೇಜ್, 180ಕ್ಕಿಂತ ಕೆಳಗೆ ಹೋದರೆ ನಿಲ್ಲುತ್ತದಂತೆ. ಫ್ಯಾನ್ ತಿರುಗುತ್ತಿದೆ, ಜಾಲರಿ ಒರೆಸಿದೆ, ಜಿರಲೆ ಇಲ್ಲ ಸದ್ಯ.

ತೋಟದ ಮೋಟರ್ ನೋಡುವ ಹುಡುಗ ಮಲ್ಟಿಮೀಟರ್ ತಂದಿದ್ದ, ಸಂಜೆ ಏಳೂವರೆಗೆ ನೋಡಿದೆವು. ಮೀಟರ್ ಬೋರ್ಡಿನಲ್ಲಿ ಒಲೆ ಆಫ್ ಇದ್ದಾಗ 211 ವೋಲ್ಟ್, ಆನ್ ಮಾಡಿದಾಗ 205. ಅಡುಗೆಮನೆ ಪ್ಲಗ್ಗಿನಲ್ಲಿ ಆಫ್ ಇದ್ದಾಗ 210, ಆನ್ ಆದ ಕೂಡಲೇ 186, ಆಮೇಲೆ ನೋಡನೋಡುತ್ತಲೇ ಇಳಿದು 178ಕ್ಕೆ ಬಂದಾಗ ಇ3. ಬೆಳಿಗ್ಗೆ ಮೀಟರ್ ಬೋರ್ಡಿನಲ್ಲಿ 228 ಇತ್ತು. ಮೀಟರ್ ಬೋರ್ಡಿನಿಂದ ಅಡುಗೆಮನೆಗೆ ವೈರ್ 30 ಮೀಟರ್ ಇರಬಹುದು, ಅಟ್ಟದ ಮೇಲೆ ಹಾದು ಹೋಗುತ್ತದೆ. ಈಗ ದೊಡ್ಡ ಸ್ಟೆಬಿಲೈಸರ್ ತರಲಾ, ಅಥವಾ ಕರೆಂಟ್ ಕಂಪನಿಯ ದೂರಿನ ನಂಬರ್ 1912ಕ್ಕೆ ದೂರು ಕೊಡಲಾ?

ಹಳೇ ವೈರ್‌ಮ್ಯಾನ್, ಸೋಮವಾರಪೇಟೆ:
ಎರಡೂ ಬೇಡ, ಇವತ್ತು ಆ ಪ್ಲಗ್ಗಿಗೆ ಒಲೆ ಹಾಕುವುದನ್ನು ನಿಲ್ಲಿಸಿ. ಸುಮ್ನೆ ಹೆದರಿಸುತ್ತಿಲ್ಲ, ಲೆಕ್ಕ ನೋಡಿ.

ನಿಮ್ಮ ಕಂಬದಿಂದ ಬರುವ ವೋಲ್ಟೇಜ್ ಸಂಜೆ 211, ಲೋಡ್ ಬಿದ್ದರೆ 205. ಇರಬೇಕಾದ 230ಕ್ಕಿಂತ ಕಡಿಮೆ ನಿಜ. ಸಂಜೆ ಊರೆಲ್ಲ ಲೈಟು, ಗೀಸರ್ ಹಾಕುವ ಹೊತ್ತು, ಟಿಸಿ (ಟ್ರಾನ್ಸ್‌ಫಾರ್ಮರ್) ದೂರ ಇದ್ದರೆ ಇಷ್ಟು ಇಳಿಯುತ್ತದೆ. ಆದರೆ 205ರಲ್ಲಿ ಈ ಒಲೆ ಆರಾಮಾಗಿ ನಡೆಯಬೇಕು. 205 ಇದ್ದದ್ದು ಅಡುಗೆಮನೆಗೆ ಬರುವಾಗ 178 ಆಗಿದೆ, ಅಂದರೆ 27 ವೋಲ್ಟ್ ನಿಮ್ಮ ಮನೆಯ ಒಳಗೇ ಕಳೆದುಹೋಗಿದೆ.

2.5 ಚದರ ಮಿಲಿಮೀಟರಿನ ತಾಮ್ರದ ವೈರ್ ಒಂದು ಕಿಲೋಮೀಟರಿಗೆ ಹತ್ತಿರ ಹತ್ತಿರ ಏಳೂವರೆ ಓಮ್. ನಿಮ್ಮದು ಹೋಗಿ ಬರಲು 60 ಮೀಟರ್, ಅಂದರೆ ಅರ್ಧ ಓಮ್‌ಗಿಂತ ಕಡಿಮೆ. ಒಲೆ ಎಳೆಯುವುದು ಸುಮಾರು 10 ಆಂಪಿಯರ್ ಅಂದುಕೊಂಡರೂ 5 ವೋಲ್ಟ್ ಹೋಗಬಹುದು, ಅಷ್ಟೇ. ಬಾಕಿ 20 ಚಿಲ್ಲರೆ ವೋಲ್ಟ್ ಎಲ್ಲೋ ಒಂದು ಕಡೆ ಬೀಳುತ್ತಿದೆ, ಅದನ್ನು 10 ಆಂಪಿಯರಿಂದ ಗುಣಿಸಿದರೆ 200 ವ್ಯಾಟಿಗೂ ಮೇಲೆ. ಅಷ್ಟು ಶಾಖ ಒಂದು ಲೂಸ್ ಜಾಯಿಂಟಿನಲ್ಲಿ, ಅದೂ ಮರದ ಅಟ್ಟದ ಮೇಲೆ ಇರಬಹುದು. 186ರಿಂದ 178ಕ್ಕೆ ಮೆಲ್ಲಗೆ ಇಳಿದದ್ದೂ ಅದನ್ನೇ ಹೇಳುತ್ತದೆ. ಜಾಯಿಂಟ್ ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಏರುತ್ತದೆ, ಅದಕ್ಕೇ ನಿಮ್ಮ ಒಲೆ ಐದು ಹತ್ತು ನಿಮಿಷ ನಡೆದು ನಿಲ್ಲುತ್ತಿತ್ತು. ಬೆಳಿಗ್ಗೆ 228ರಿಂದ ಶುರುವಾಗುವ ಕಾರಣ ಇಷ್ಟೆಲ್ಲ ಕಳೆದರೂ 180ರ ಮೇಲೇ ಉಳಿಯುತ್ತದೆ, ಅದರಿಂದ ಕೋಡ್ ಬರುವುದಿಲ್ಲ. ತೊಂದರೆ ಬೆಳಿಗ್ಗೆಯೂ ಇತ್ತು, ಒಲೆ ಹೇಳುತ್ತಿರಲಿಲ್ಲ ಅಷ್ಟೇ.

ಸ್ಟೆಬಿಲೈಸರ್ ಹಾಕಿದ್ದರೆ ಕೋಡ್ ಹೋಗುತ್ತಿತ್ತು, ಆದರೆ ಅದು ಕೆಳಗಿನ ವೋಲ್ಟೇಜ್ ಏರಿಸಲು ಅದೇ ವೈರಿನಿಂದ ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತದೆ. ಜಾಯಿಂಟ್ ಇನ್ನಷ್ಟು ಬಿಸಿಯಾಗುತ್ತಿತ್ತು, ನಿಮಗೆ ಗೊತ್ತೂ ಆಗುತ್ತಿರಲಿಲ್ಲ.

ಮೈನ್ ಆಫ್ ಮಾಡಿಸಿ, ಪ್ಲಗ್ ಪಾಯಿಂಟ್ ಬಿಚ್ಚಿಸಿ, ಆಮೇಲೆ ಅಟ್ಟದ ಮೇಲಿನ ಪ್ರತಿ ಜಂಕ್ಷನ್ ಬಾಕ್ಸ್ ನೋಡಿಸಿ. ನ್ಯೂಟ್ರಲನ್ನೂ (ಕರೆಂಟ್ ವಾಪಸ್ ಹೋಗುವ ವೈರ್) ಮರೆಯಬೇಡಿ, ಎಲ್ಲರೂ ಫೇಸ್ (ಕರೆಂಟ್ ತರುವ ವೈರ್) ಮಾತ್ರ ಬಿಗಿ ಮಾಡಿ ಬರುತ್ತಾರೆ.

ವಿರಾಜಪೇಟೆ ಅಕ್ಕ:
ನ್ಯೂಟ್ರಲ್ ಮಾತು ಬಂತಲ್ಲ, ಒಂದು ಸೇರಿಸುತ್ತೇನೆ. ಮೂರು ಫೇಸ್ ಇರುವ ಮನೆಯಲ್ಲಿ ಒಲೆ ಹಾಕಿದಾಗ ಬೇರೆ ರೂಮಿನ ಬಲ್ಬು ಮಂಕಾಗುವ ಬದಲು ಇನ್ನೂ ಜೋರಾಗಿ ಉರಿದರೆ ಅದು ಮೇನ್ ನ್ಯೂಟ್ರಲ್ ಲೂಸ್. ಆಗ ಒಂದು ಫೇಸಿನಲ್ಲಿ 170, ಇನ್ನೊಂದರಲ್ಲಿ 280 ಹೀಗೆಲ್ಲ ಬಂದು ಫ್ರಿಜ್ಜು, ಟಿವಿ ಒಟ್ಟಿಗೇ ಹೋಗುತ್ತವೆ. ಆಗ ಕೂಡಲೇ ಮೈನ್ ಆಫ್ ಮಾಡಿ 1912ಕ್ಕೆ ಹೇಳಬೇಕು.

ನಾಪೋಕ್ಲು ತೋಟದಮನೆ:
ನಮ್ಮದು ಸಿಂಗಲ್ ಫೇಸ್ ಅಕ್ಕ, ಬಲ್ಬು ಮಂಕಾಗುತ್ತಿತ್ತು.

ಗೋಣಿಕೊಪ್ಪದಿಂದ ಎಲೆಕ್ಟ್ರಿಷಿಯನ್ ಬಂದಿದ್ದರು. ಪ್ಲಗ್ ಪಾಯಿಂಟ್ ಸರಿ ಇತ್ತು. ಅಟ್ಟದಲ್ಲಿ ಹೆಂಚು ಸರಿದು ನೀರು ಇಳಿದ ಜಾಗದ ಕೆಳಗೇ ಒಂದು ಬಾಕ್ಸ್, ಒಳಗೆ ಹಳೇ ಅಲ್ಯೂಮಿನಿಯಂ ವೈರಿಗೆ ಹೊಸ ತಾಮ್ರದ ವೈರನ್ನು ಬರೀ ಕೈಯಲ್ಲಿ ತಿರುಚಿ ಟೇಪ್ ಸುತ್ತಿದ್ದರು. ನ್ಯೂಟ್ರಲ್ಲೇ. ಟೇಪ್ ಕರಗಿ ಬಾಕ್ಸಿನ ಒಂದು ಬದಿ ಕಪ್ಪಾಗಿದೆ. ಸದ್ಯಕ್ಕೆ ಆ ಲೈನ್ ಕಟ್ ಮಾಡಿ ಹೋಗಿದ್ದಾರೆ, ಗ್ಯಾಸಿನಲ್ಲಿ ಅಡುಗೆ. ಹೊಸ ವೈರ್ ಎಳೆಸುವುದಾದರೆ ಯಾವ ಸೈಜ್ ಹೇಳಲಿ?

ಹಳೇ ವೈರ್‌ಮ್ಯಾನ್, ಸೋಮವಾರಪೇಟೆ:
ಅಲ್ಯೂಮಿನಿಯಂ ಮತ್ತು ತಾಮ್ರ ನೇರ ಸೇರಿ ಮೇಲೆ ತೇವ ಬಿದ್ದರೆ ಹೀಗೇ ತುಕ್ಕು ಹಿಡಿಯುತ್ತದೆ, ಹಳೇ ಮನೆಗಳಲ್ಲಿ ಇದು ಮಾಮೂಲು. ಡಿಬಿಯಿಂದ (ಮನೆಯ ಲೈನುಗಳು ಹಂಚಿಹೋಗುವ ಬೋರ್ಡ್) ಅಡುಗೆಮನೆಗೆ ಪ್ರತ್ಯೇಕ ಲೈನ್ ಎಳೆಸಿ, 4 ಚದರ ಮಿಲಿಮೀಟರ್ ತಾಮ್ರ, ಮಧ್ಯೆ ಒಂದೂ ಜಾಯಿಂಟ್ ಇಲ್ಲದೆ, ಪೈಪಿನ ಒಳಗೆ. 16 ಆಂಪಿಯರಿನ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್), 16 ಆಂಪಿಯರಿನ ಪ್ಲಗ್, ಅರ್ಥ್ ವೈರ್ ಸಮೇತ. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಅದನ್ನೂ ಈಗಲೇ ಹಾಕಿಸಿಬಿಡಿ. ಮಿಕ್ಸಿ, ಫ್ರಿಜ್ಜು ಆ ಲೈನಿಗೆ ಸೇರಿಸಲು ಬಿಡಬೇಡಿ. ವೈರ್ ಎಳೆಯುವ ಮೊದಲು ಹೆಂಚು ಸರಿ ಮಾಡಿಸಿ.