ರೆಡ್ ಹೌಸ್‌ನಲ್ಲಿ ‘ಸ್ಟ್ರಾಬೆರಿ ಥೀಫ್’ ನೋಡಲು ಸಿಗುವುದೇ?

ಪ್ರಶ್ನೆ (ಬಸವನಗುಡಿ):
ಮೇ ತಿಂಗಳಲ್ಲಿ ಮಗಳನ್ನು ನೋಡಲು ಲಂಡನ್ನಿಗೆ ಹೊರಟಿದ್ದೇವೆ. 30 ವರ್ಷ ಸೀರೆಯ ಅಂಚು, ಸೆರಗುಗಳಿಗೆ ವಿನ್ಯಾಸ ಬರೆದ ನನಗೆ 19ನೇ ಶತಮಾನದ ಇಂಗ್ಲಿಷ್ ವಿನ್ಯಾಸಕಾರ ವಿಲಿಯಂ ಮಾರಿಸ್ ಬಾಳಿದ ಮನೆಯೊಂದನ್ನಾದರೂ ಕಾಣುವ ಆಸೆಯಿದೆ. ಬೆಕ್ಸ್‌ಲಿಹೀತ್‌ನ ರೆಡ್ ಹೌಸ್‌ಗೆ ಹೋದರೆ, ಹಣ್ಣು ಕದಿಯುವ ಹಕ್ಕಿಗಳಿರುವ ಅವರ ಪ್ರಸಿದ್ಧ ‘ಸ್ಟ್ರಾಬೆರಿ ಥೀಫ್’ ಬಟ್ಟೆ ಅಲ್ಲಿ ನೋಡಲು ಸಿಗುವುದೇ? ಬಿಡುವಿರುವುದು ಒಂದೇ ದಿನ, ಅದರ ಮೇಲೆ ಪತಿಗೆ ಮಂಡಿನೋವು.

ಉತ್ತರ (ಮಲ್ಲೇಶ್ವರ):
ಆ ಬಟ್ಟೆಯನ್ನೇ ಅರಸಿ ಹೋದರೆ ನಿರಾಶೆಯಾದೀತು. ಅದರ ವಿನ್ಯಾಸ 1883ರದು. ಕದಿಯುತ್ತಿದ್ದ ಹಕ್ಕಿಗಳೂ ಮಾರಿಸ್ ಅವರ ಇನ್ನೊಂದು ಮನೆಯಾದ ಆಕ್ಸ್‌ಫರ್ಡ್‌ಶೈರ್‌ನ ಕೆಲ್ಮ್‌ಸ್ಕಾಟ್ ಮನೆಯ ತೋಟದವು. ಗೆಳೆಯ ಫಿಲಿಪ್ ವೆಬ್ ನಕ್ಷೆ ಬರೆದುಕೊಟ್ಟ ರೆಡ್ ಹೌಸ್‌ನಲ್ಲಿ ಮಾರಿಸ್ ಇದ್ದದ್ದು 1860ರಿಂದ 1865ರವರೆಗೆ, ಐದೇ ವರ್ಷ. ಆದರೂ ಅದನ್ನೇ ನೋಡಿ ಎನ್ನುತ್ತೇನೆ. ಅಂಗಡಿಯ ಸಾಮಾನು ಮನಸ್ಸಿಗೆ ಒಪ್ಪದೆ, ಗೆಳೆಯರನ್ನು ಕೂಡಿಸಿಕೊಂಡು ಗೋಡೆ, ಬೀರು, ಬಾಗಿಲುಗಳಿಗೆ ತಾವೇ ಚಿತ್ರ ಬರೆಯುತ್ತ ಹೋದ ಆ ಹುರುಪಿನಿಂದಲೇ 1861ರಲ್ಲಿ ಅವರ ವಿನ್ಯಾಸ ಕಂಪನಿ ಹುಟ್ಟಿತು. ಒಳಗೆ ಹೋದಾಗ ತಲೆಯೆತ್ತಿ ಒಳಮಾಡನ್ನು ನೋಡಿ: ಗಾರೆ ಹಸಿಯಾಗಿದ್ದಾಗಲೇ ಸಣ್ಣ ತೂತುಗಳನ್ನು ಚುಚ್ಚಿ, ಅವುಗಳ ಜಾಡು ಹಿಡಿದು ಚಿತ್ತಾರ ಬಿಡಿಸಿದ್ದಾರೆ. ಚುಕ್ಕಿ ಇಟ್ಟು ರಂಗೋಲಿ ಹಾಕಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಬೀರುವಿನ ಹಿಂದೆ ಮರೆಯಾಗಿದ್ದ ಗೋಡೆಚಿತ್ರವೊಂದು 2013ರಲ್ಲಿ ಬೆಳಕಿಗೆ ಬಂದಿತು. ಅದರಲ್ಲಿ ಬೈಬಲ್ಲಿನ ನೋಹನೂ ರಾಹೇಲಳೂ ಇದ್ದಾರೆ.

ಉತ್ತರ (ಜಯನಗರ):
ಮೇಲಿನವರ ಮಾತು ಸರಿಯೇ, ಆದರೆ ಅವರು ಮಂಡಿಯನ್ನು ಮರೆತಂತಿದೆ. ಬೆಕ್ಸ್‌ಲಿಹೀತ್ ನಿಲ್ದಾಣದಿಂದ ಮನೆಗೆ ಸುಮಾರು ಕಾಲು ಗಂಟೆಯ ನಡಿಗೆ, ಒಳಗೆ ಮತ್ತೆ ಮೆಟ್ಟಿಲು. ಹಳೆಯ ಪೀಠೋಪಕರಣಗಳೂ ಕೆಲವೇ ಉಳಿದಿವೆ. 2003ರಿಂದ ಮನೆ, ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನ ಕೈಯಲ್ಲಿರುವುದರಿಂದ ತೆರೆದಿರುವ ದಿನಗಳನ್ನು ಅವರ ಜಾಲತಾಣದಲ್ಲಿ ನೋಡಿಯೇ ಹೊರಡಿ. ಬಟ್ಟೆ, ಗೋಡೆಕಾಗದಗಳೇ ಮುಖ್ಯವೆನ್ನುವುದಾದರೆ, ಮಾರಿಸ್ ಹುಡುಗನಾಗಿದ್ದಾಗ ಅವರ ಕುಟುಂಬವಿದ್ದ ವಾಲ್ತಮ್‌ಸ್ಟೋ ಮನೆ ಈಗ ಅವರ ಹೆಸರಿನ ಸಂಗ್ರಹಾಲಯವಾಗಿದೆ. ಪ್ರವೇಶ ಉಚಿತ, ವಿಕ್ಟೋರಿಯಾ ಮಾರ್ಗದ ರೈಲು ಕೊನೆಯ ನಿಲ್ದಾಣದವರೆಗೆ ಒಯ್ಯುತ್ತದೆ. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ, ಅವು ನಗರದ ಎರಡು ಬೇರೆ ಅಂಚುಗಳಲ್ಲಿವೆ.

ಉತ್ತರ (ಮಲ್ಲೇಶ್ವರ):
ಮಂಡಿಯ ಮಾತು ಒಪ್ಪಿದೆ. ತೋಟದಲ್ಲಿ ಶಂಕುವಿನಾಕಾರದ ಮಾಡು ಹೊತ್ತ ಬಾವಿಯೊಂದಿದೆ; ಗಾರೆ ಬಳಿಯದ ಕೆಂಪು ಇಟ್ಟಿಗೆಯ ಮನೆಯ ಚೆಲುವು ಹೊರಗಿನಿಂದಲೂ ಕಾಣುತ್ತದೆ.

ಬಸವನಗುಡಿ:
ಚುಕ್ಕಿಗಳ ಸಂಗತಿ ಓದಿದ ಮೇಲೆ ರೆಡ್ ಹೌಸ್ ಬಿಡುವ ಮನಸ್ಸಾಗುತ್ತಿಲ್ಲ. ಪತಿ ಆ ಬಾವಿಯ ಆಸುಪಾಸಿನಲ್ಲೇ ಇರುತ್ತಾರಂತೆ, ಮೆಟ್ಟಿಲನ್ನು ನಾನೊಬ್ಬಳೇ ಹತ್ತುತ್ತೇನೆ.